ರೊಟ್ಟಿ, ಹಂಚು ಮತ್ತು ಮೂರು ಬಗೆಯ ನೆಲ

ಬೈಲಹೊಂಗಲದ ಬಜಾರ ರಸ್ತೆಯಲ್ಲಿರುವ ರಸೂಲಸಾಬರ ವಿದ್ಯುತ್ ಸಾಮಾನುಗಳ ಅಂಗಡಿಗೆ ಆ ಎರಡು ಪೆಟ್ಟಿಗೆಗಳು ಬಂದದ್ದು ಎರಡು ಸಾವಿರದ ಎಂಟನೆಯ ಇಸವಿಯ ಜನವರಿಯಲ್ಲಿ. ಫ್ಯಾನು, ಮಿಕ್ಸರು, ಗೀಸರುಗಳ ನಡುವೆ ಮೂವತ್ತು ವರ್ಷ ಕಳೆದ ರಸೂಲಸಾಬರೂ ಅಂಥ ವಸ್ತುವನ್ನು ಕಂಡವರಲ್ಲ. ಒಂದು ಪೆಟ್ಟಿಗೆಯಲ್ಲಿ ಬಿಳಿಯ ಯಂತ್ರ, ಇನ್ನೊಂದರಲ್ಲಿ ಕರಿಯದು. ಎರಡೂ ದುಂಡಗೆ, ಚಪ್ಪಟೆಯಾಗಿ, ಒಂದು ಗೇಣು ಅಗಲಕ್ಕಿಂತ ತುಸು ಹೆಚ್ಚು. ಗುಂಡಿ ಒತ್ತಿ ನೆಲದ ಮೇಲೆ ಬಿಟ್ಟರೆ ತಾವೇ ಕೋಣೆಯ ತುಂಬ ತಿರುಗಾಡಿ ಕಸ ಹೀರಿಕೊಳ್ಳುತ್ತವೆ, ಗೋಡೆ ಅಡ್ಡ ಬಂದರೆ ತಾವೇ ಹೊರಳುತ್ತವೆ ಎಂದು ಹುಬ್ಬಳ್ಳಿಯ ಸರಬರಾಜುದಾರ ಫೋನಿನಲ್ಲಿ ಹೇಳಿದ್ದ. ಎರಡನ್ನೂ ಎಂಟು ದಿನ ಪರೀಕ್ಷಿಸಿ, ಬೇಕಾದ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ತಿರುಗಿ ಕಳಿಸಬೇಕೆಂಬುದು ಕರಾರು.

ರಸೂಲಸಾಬರ ಮಗ ವಾಸೀಮ್ ಅಂಗಡಿಯ ಟೆಂಪೋ ಓಡಿಸುವವನು. ಅವನು ಮೊದಲ ನೋಟಕ್ಕೇ ನಾಮಕರಣ ಮುಗಿಸಿಬಿಟ್ಟ. "ಬಿಳೀದು ರೊಟ್ಟಿ, ಕರೇದು ಹಂಚು. ಇನ್ನ ಪಲ್ಯಾ ಒಂದ ಕಡಿಮಿ."

ರಸೂಲಸಾಬರು ರೊಟ್ಟಿಯನ್ನು ತಲೆಕೆಳಗು ಮಾಡಿ, ಗಾಲಿಗಳನ್ನು ಬೆರಳಿನಿಂದ ತಿರುವಿ, ಮಗಳ ಕೈಗೆ ಕೊಟ್ಟರು. "ಒಳಗ ಯಾರರ ಕುಂತಾರೇನು ನೋಡವಾ."

ಮಗಳು ಹಿನಾಕೌಸರ. ಹಿಂದಿನ ವರ್ಷವಷ್ಟೇ ಧಾರವಾಡದಲ್ಲಿ ಭೌತಶಾಸ್ತ್ರದ ಬಿ.ಎಸ್ಸಿ. ಮುಗಿಸಿ ಬಂದವಳು. ಅಂಗಡಿಯಲ್ಲಿ ಕುಳಿತ ಮೂರೇ ವಾರಗಳಲ್ಲಿ ಎಲ್ಲ ಸ್ಕ್ರೂಗಳನ್ನು ಉದ್ದ, ದಪ್ಪಗಳಿಗೆ ಅನುಸಾರವಾಗಿ ಬೇರೆ ಬೇರೆ ಡಬ್ಬಿಗಳಿಗೆ ಹಾಕಿ ಚೀಟಿ ಅಂಟಿಸಿದ್ದಳು. ಅವಳು ಯಂತ್ರದ ಒಳಗನ್ನು ನೋಡುವ ಮೊದಲು ಎರಡು ನೂರು ಪುಟದ ಹೊಸ ನೋಟುಪುಸ್ತಕ ತೆರೆದು, ಗೆರೆ ಎಳೆದು, ಒಂದರಿಂದ ಎಂಟರವರೆಗೆ ದಿನಗಳನ್ನು ಬರೆದಳು.

ಈ ಯಂತ್ರಗಳನ್ನು ತರಿಸಿದ್ದು ಲೀಲಾಬಾಯಿಯವರಿಗಾಗಿ. ಹೈಸ್ಕೂಲಿನಲ್ಲಿ ಹಿನಾಳಿಗೆ ವಿಜ್ಞಾನ ಕಲಿಸಿದ ಅಕ್ಕೋರು ಅವರು, ಈಗ ನಿವೃತ್ತರು. ದೀಪಾವಳಿಯ ಹೊತ್ತಿಗೆ ಅವರ ಸೊಂಟ ಹಿಡಿದುಕೊಂಡಿತ್ತು. ಇನ್ನು ಮುಂದೆ ಬಗ್ಗುವ ಕೆಲಸ ಒಂದನ್ನೂ ಮಾಡಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಮನೆ ಗುಡಿಸುವುದಕ್ಕೆ ಆಳು ಇಡಬಹುದಿತ್ತು. ಆದರೆ ಮೂವತ್ತೈದು ವರ್ಷ ತಮ್ಮ ಮನೆಯ ಕಸವನ್ನು ತಾವೇ ಹೊಡೆದ ಅಕ್ಕೋರಿಗೆ ಬೇರೆಯವರು ಹೊಡೆದದ್ದು ಕಣ್ಣಿಗೆ ಹಿಡಿಸುತ್ತಿರಲಿಲ್ಲ. ಯಾವುದೋ ಪತ್ರಿಕೆಯಲ್ಲಿ ಇಂಥ ಯಂತ್ರದ ಚಿತ್ರ ಕಂಡು, ಕತ್ತರಿಸಿಕೊಂಡು, ನೇರವಾಗಿ ಶಿಷ್ಯೆಯ ಅಂಗಡಿಗೆ ಬಂದಿದ್ದರು.

ಪೆಟ್ಟಿಗೆಗಳನ್ನು ಹೊತ್ತು ಅಣ್ಣತಂಗಿಯರು ಮನೆಗೆ ಹೋದಾಗ ಅಕ್ಕೋರು ಬಾಗಿಲಲ್ಲೇ ನಿಂತಿದ್ದರು. ಹಿನಾಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು.

"ನಮ್ಮ ಮನ್ಯಾಗ ಮೂರು ನಮೂನಿ ನೆಲ ಅದಾವ, ನಿನಗ ಗೊತ್ತದ. ಹೊರಗಿನ ಖೋಲಿಗೆ ಟೈಲ್ಸ್, ಪಡಸಾಲಿಗೆ ಶಹಾಬಾದ ಫರಸಿ, ಅಡಿಗಿಮನಿಗೆ ಹೆಂಡಿ ಸಾರಸಿದ ಮಣ್ಣು. ಮಷಿನ್ ಮೂರರ ಮ್ಯಾಲೂ ಓಡಬೇಕು. ಅಡಿಗಿಮನ್ಯಾಗ ಓಡಲಿಲ್ಲಂದ್ರ ಅಲ್ಲೂ ಟೈಲ್ಸ್ ಹಾಕಸ್ತಾರಂತ ಇವರು. ಗೌಂಡಿ ಭರಮಪ್ಪಗ ಹೇಳಿ ಆಗೇದ. ಇವತ್ತಿನಿಂದ ಎಂಟನೇ ದಿನಕ್ಕ ಬರ್ತಾನ."

"ನಿಮಗ ಟೈಲ್ಸ್ ಬ್ಯಾಡೇನ್ರಿ ಅಕ್ಕೋರ?"

"ಬ್ಯಾಡ. ಈ ಥಂಡಿಯೊಳಗ ಮುಂಜಾನೆ ಐದಕ್ಕ ಟೈಲ್ಸ್ ಮ್ಯಾಲೆ ಕಾಲಿಟ್ಟು ನೋಡು. ಮಣ್ಣಿನ ನೆಲ ಹಂಗ ಕಚ್ಚೂದಿಲ್ಲ." ಅವರು ಅಡುಗೆಮನೆಯ ಕಡೆಗೊಮ್ಮೆ ನೋಡಿದರು. "ಮತ್ತ ಟೈಲ್ಸ್ ಬಂದ್ರ ಬಾಯವ್ವ ಯಾಕ ಬರ್ತಾಳ?"

ಅಸಲು ಮಾತು ಇದೇ ಎಂಬುದು ಹಿನಾಳಿಗೆ ಅರ್ಥವಾಯಿತು. ದೊಡವಾಡದ ಬಾಯವ್ವ ಸಂತೆಯ ದಿನ ಬಸ್ಸಿಳಿದವಳೇ ಈ ಮನೆಗೆ ಬಂದು, ಅಡುಗೆಮನೆ ಸಾರಿಸಿ, ಚಹಾ ಕುಡಿದು, ಆಮೇಲೆ ಸಂತೆಗೆ ಹೋಗುವವಳು. ಇಪ್ಪತ್ತೆಂಟು ವರ್ಷಗಳಿಂದ ಇದು ತಪ್ಪಿದ್ದಿಲ್ಲ. ಸಾರಿಸುವುದಕ್ಕೆ ಅರ್ಧ ತಾಸು ಸಾಕು. ಚಹಾ ಮುಗಿಯುವುದಕ್ಕೆ ಎರಡು ತಾಸು ಬೇಕು. ದೊಡವಾಡದ ಎಮ್ಮೆ ಈದದ್ದು, ಸೊಸೆ ಮುನಿದದ್ದು, ಬಸ್ಸಿನಲ್ಲಿ ಕಂಡಕ್ಟರ್ ಅಂದದ್ದು ಎಲ್ಲವೂ ಆ ಎರಡು ತಾಸುಗಳಲ್ಲಿ ಅಕ್ಕೋರ ಕಿವಿಗೆ ಬೀಳುತ್ತಿದ್ದವು. ಗುಡಿಸುವವಳನ್ನು ಒಲ್ಲೆನೆಂದ ಅಕ್ಕೋರು ಸಾರಿಸುವವಳನ್ನು ಮಾತ್ರ ಬಿಟ್ಟಿರಲಾರರು.

ಅಷ್ಟರಲ್ಲಿ ಯಜಮಾನರಾದ ಕೃಷ್ಣಾಜಿ ಕೈಯಲ್ಲಿ ಅಳತೆಪಟ್ಟಿ ಹಿಡಿದು ಹೊರಬಂದರು. ನವಿಲುತೀರ್ಥದ ಆಣೆಕಟ್ಟಿನ ಕಚೇರಿಯಲ್ಲಿ ಕಾಲುವೆಗಳ ಮಟ್ಟ ನೋಡುತ್ತಲೇ ಸೇವೆ ಮುಗಿಸಿದವರು. ಮಟ್ಟವಲ್ಲದ್ದು ಏನು ಕಂಡರೂ ಅವರಿಗೆ ಮನಸ್ಸು ತಡೆಯದು.

"ಬಾರವಾ, ಸೈಂಟಿಸ್ಟ್. ನಿಮ್ಮ ಅಕ್ಕೋರು ನಿನಗ ಲಂಚ ಕೊಟ್ಟರೇನು?"

"ಇನ್ನೂ ಇಲ್ಲರಿ ಕಾಕಾ."

"ತಗೋಬ್ಯಾಡ. ಇಕಿ ಮಣ್ಣಿನ ನೆಲದ ಮೋಹದಾಗ ಬಗ್ಗಿ ಕಸಾ ಹೊಡದು ಮತ್ತ ಹಾಸಿಗಿ ಹಿಡದ್ರ ಚಾಕರಿ ಮಾಡಾಂವ ನಾನು. ಮಷಿನ್ ಓಡ್ತೋ, ನೆಲ ಇರಲಿ, ನಂದೇನೂ ತಕರಾರಿಲ್ಲ. ಓಡಲಿಲ್ಲೋ, ಭರಮಪ್ಪ. ಮಾತಂದ್ರ ಮಾತು."

ಹಿನಾ ಪರೀಕ್ಷೆಯ ಕಸವನ್ನು ಅಂಗಡಿಯಲ್ಲೇ ಸಿದ್ಧಮಾಡಿ ತಂದಿದ್ದಳು: ಮೂವತ್ತು ಗ್ರಾಂ ಜರಡಿ ಹಿಡಿದ ಉಸುಕು, ಹದಿನೆಂಟು ಗ್ರಾಂ ಜೋಳದ ಹೊಟ್ಟು, ಎರಡು ಗ್ರಾಂ ಅರಳೆ. ಹತ್ತಿ ಪೇಟೆಯ ಊರಿನಲ್ಲಿ ಅರಳೆ ಹಾರಿ ಬಾರದ ಮನೆಯೇ ಇಲ್ಲವಾದ್ದರಿಂದ ಅದನ್ನು ಬಿಡುವಂತಿರಲಿಲ್ಲ. ಒಟ್ಟು ಐವತ್ತು ಗ್ರಾಂ. ಮೊದಲು ಆ ಜಾಗವನ್ನು ಗುಡಿಸಿ ಚೊಕ್ಕಟ ಮಾಡಿ, ಈ ಐವತ್ತು ಗ್ರಾಮನ್ನು ಒಂದೇ ಸಮನೆ ಹರಡಿ, ಯಂತ್ರವನ್ನು ಇಪ್ಪತ್ತು ನಿಮಿಷ ಬಿಟ್ಟು, ಅದರ ಹೊಟ್ಟೆಯಲ್ಲಿ ಸೇರಿದ್ದನ್ನು ತೂಗುವುದು ಅವಳ ಕ್ರಮ. ಮನೆಯನ್ನು ಗುಡಿಸಿ, ಮೇಲೆ ಕಸ ಚೆಲ್ಲಿ, ಮತ್ತೆ ಗುಡಿಸಲು ಯಂತ್ರ ಬಿಡುವ ಈ ಕ್ರಮವನ್ನು ನೋಡಿದ ವಾಸೀಮ್, "ಇದಕ್ಕ ಧಾರವಾಡದಾಗ ಮೂರು ವರ್ಷ ಓದಬೇಕಾತು," ಎಂದು ಕಾಕಾರ ಕಿವಿಯಲ್ಲಿ ಉಸುರಿದ.

ಮೊದಲ ದಿನ ಟೈಲ್ಸಿನ ಮೇಲೆ ಎರಡೂ ಯಂತ್ರಗಳು ನಲವತ್ತೊಂಬತ್ತು ಗ್ರಾಂ ಎತ್ತಿದವು. ಪಡಸಾಲೆಯಲ್ಲಿ ಭೇದ ಕಾಣಿಸಿತು. ಹಂಚು ಭಾರವಾದದ್ದು, ಅದರ ಗಾಲಿ ದೊಡ್ಡದು, ಬ್ರಶ್ಶಿನ ಕೂದಲು ಬಿರುಸು. ಫರಸಿಕಲ್ಲುಗಳ ನಡುವಿನ ಸಂದುಗಳನ್ನು ಎತ್ತಿನಬಂಡಿಯಂತೆ ದಾಟಿಕೊಂಡು ಹೋಗಿ ನಲವತ್ತೇಳು ಗ್ರಾಂ ತಂದಿತು. ರೊಟ್ಟಿಯ ಮುಂದಿನ ಸಣ್ಣ ಗಾಲಿ ನಾಲ್ಕು ಸಲ ಸಂದಿನಲ್ಲಿ ಸಿಕ್ಕಿ, ನಾಲ್ಕು ಸಲವೂ ಅದು ಕುಂಯ್ ಎಂದು ಕೂಗಿ ನಿಂತುಬಿಟ್ಟಿತು. ಮೂವತ್ತೊಂದು ಗ್ರಾಂ.

"ರೊಟ್ಟಿ ಹರೀತು," ಎಂದ ವಾಸೀಮ್.

ಎಲ್ಲರ ಮನಸ್ಸೂ ಹಂಚಿನ ಕಡೆಗೇ ವಾಲಿತು. ಊರಿನಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತಿದ್ದ ಕಾಲ ಅದು. ಪಡಸಾಲೆಯ ದೀಪ ಆರಿದರೂ ಹಂಚು ಓಡುತ್ತಲೇ ಇದ್ದುದನ್ನು ಕಂಡು ಕಾಕಾರಿಗೂ ಗೌರವ ಹುಟ್ಟಿತು. "ಕರೆಂಟ್ ಇದ್ದಾಗ ಉಂಡು, ಇಲ್ಲದಾಗ ದುಡೀತದ. ನಮ್ಮ ಇಲಾಖೆಯೊಳಗ ಇಂಥಾವರು ಇಬ್ಬರಿದ್ದರ ಸಾಕಾಗ್ತಿತ್ತು."

ಎರಡನೆಯ ದಿನ ಅಡುಗೆಮನೆಯ ಸರದಿ. ಹೊಸ್ತಿಲು ನಾಲ್ಕು ಬೆರಳು ಎತ್ತರ. ಅದನ್ನು ಹತ್ತುವುದು ಎರಡಕ್ಕೂ ಸಾಧ್ಯವಿರಲಿಲ್ಲವಾದ್ದರಿಂದ ಹಿನಾ ಹಂಚನ್ನು ಎತ್ತಿ ಒಳಗಿಟ್ಟಳು. ನೆಲ ಹಸಿರು ಛಾಯೆಯಲ್ಲಿ ಕಂಗೊಳಿಸುತ್ತಿತ್ತು; ಗೋಡೆಯಂಚಿಗೆ ಸುಣ್ಣದ ಗೆರೆ ಕೂಡ ಹೊಸದಾಗಿತ್ತು. ಅದರ ಚೆಲುವನ್ನು ಅವಳು ಮೆಚ್ಚಿದಳು. ಆದರೆ ನೋಟುಪುಸ್ತಕದಲ್ಲಿ ಆ ವಿಷಯಕ್ಕೆ ಜಾಗವಿರಲಿಲ್ಲ.

ಇಪ್ಪತ್ತು ನಿಮಿಷಗಳ ನಂತರ ಹಂಚಿನ ಹೊಟ್ಟೆಯನ್ನು ತಕ್ಕಡಿಯ ಮೇಲೆ ಸುರಿದಾಗ ಎಪ್ಪತ್ತೊಂದು ಗ್ರಾಂ ಬಂತು.

"ಐವತ್ತು ಕೊಟ್ರ ಎಪ್ಪತ್ತೊಂದು ತಂತು," ಎಂದು ವಾಸೀಮ್ ಹಿಗ್ಗಿದ. "ಇದು ಮಷಿನ್ ಅಲ್ಲ, ಬರಕತ್."

ಲೀಲಾಬಾಯಿಯವರ ಮುಖವೂ ಅರಳಿತು. ಆದರೆ ಹಿನಾ ಪೆನ್ನು ಹಿಡಿದವಳು ಬರೆಯಲಿಲ್ಲ. ಇಲ್ಲದ್ದು ಎಲ್ಲಿಂದಲೂ ಹುಟ್ಟಲಾರದು ಎಂಬ ಪಾಠವನ್ನು ಅವಳಿಗೆ ಕಲಿಸಿದವರು ಎದುರಿಗೇ ನಿಂತಿದ್ದರು. ಗುರುವೂ ಶಿಷ್ಯೆಯೂ ಒಟ್ಟಿಗೇ ನೆಲ ನೋಡಿದರು. ಹಂಚು ಹೋದ ದಾರಿಯುದ್ದಕ್ಕೂ ಸಾರಣೆಯ ಪದರು ಕಿತ್ತು, ಕೆಳಗಿನ ಕೆಮ್ಮಣ್ಣು ಇಣುಕುತ್ತಿತ್ತು.

"ಹೆಚ್ಚಿಗಿ ಬಂದ ಇಪ್ಪತ್ತೊಂದು ಗ್ರಾಂ ಕಸಾ ಅಲ್ಲರಿ ಅಕ್ಕೋರ," ಎಂದಳು ಹಿನಾ. "ಅದು ನಿಮ್ಮ ನೆಲ."

ಹಂಚನ್ನು ತೆಗೆದು ರೊಟ್ಟಿಯನ್ನು ನೆಲದ ಇನ್ನೊಂದು ಅರ್ಧದಲ್ಲಿ ಬಿಟ್ಟರು. ಕಸ ಹೆಚ್ಚಾಗಿ ಕಂಡಲ್ಲಿ ಮತ್ತೆ ಮತ್ತೆ ಸುತ್ತುವುದು ರೊಟ್ಟಿಯ ಗುಣ. ಅದು ಒಲೆಕಟ್ಟೆಯ ಮುಂದೆ ಒಂದೇ ಜಾಗದಲ್ಲಿ ಗಾಣದ ಎತ್ತಿನಂತೆ ತಿರುಗುತ್ತ ನಿಂತಿತು. ಎತ್ತಿದಷ್ಟೂ ಧೂಳು ಏಳುತ್ತಿತ್ತು, ಎದ್ದಷ್ಟೂ ಅದು ಎತ್ತುತ್ತಿತ್ತು. ಅರವತ್ತು ಗ್ರಾಂ. ಕೃಷ್ಣಾಜಿ ಅಳತೆಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಗೆದ್ದ ಗತ್ತು ಅವರ ಮುಖದಲ್ಲಿರಲಿಲ್ಲ. ಹೆಂಡತಿಯ ಕಡೆಗೆ ನೋಡದೆ, "ಟೈಲ್ಸಿನ ಬಣ್ಣರ ನೀನ ಆರಿಸು," ಎಂದಷ್ಟೇ ಹೇಳಿದರು.

ಆ ರಾತ್ರಿ ಊಟಕ್ಕೆ ಕುಳಿತಾಗಲೂ ಹಿನಾಳ ಮನಸ್ಸು ಅಂಕಿಗಳಲ್ಲೇ ಇತ್ತು. ಪರೀಕ್ಷೆಯಲ್ಲಿ ತಪ್ಪೇನೂ ಕಾಣಲಿಲ್ಲ. ಅಂಕಿಗಳು ಹೇಳುವುದೂ ನಿಚ್ಚಳವಾಗಿತ್ತು. ಆದರೂ ಅವು ಹೇಳಿದ್ದನ್ನು ಅಕ್ಕೋರಿಗೆ ಹೇಳಿ ಬಂದದ್ದು ನೆನಪಾದಾಗಲೆಲ್ಲ ಅವಳು ನೋಟುಪುಸ್ತಕವನ್ನು ಮತ್ತೆ ಮೊದಲಿನಿಂದ ತಿರುವಿದಳು.

ನಾಲ್ಕನೆಯ ದಿನ ಸಂತೆ. ಯಂತ್ರಗಳನ್ನು ಅಂಗಡಿಗೆ ತಿರುಗಿ ಒಯ್ಯಲು ಹಿನಾ ಒಬ್ಬಳೇ ಬಂದಳು. ಹಿತ್ತಲ ಕಟ್ಟೆಯ ಮೇಲೆ ಬಾಯವ್ವ ಚಹಾದ ಬಟ್ಟಲು ಹಿಡಿದು ಕುಳಿತಿದ್ದಳು. ಹಿನಾಳನ್ನು ಕಂಡವಳೇ ಬಟ್ಟಲು ಕೆಳಗಿಟ್ಟಳು.

"ನೀ ಏನವಾ ನನ್ನ ನೆಲಾ ಕೆರಸಿದಾಕಿ?"

"ನಾ ಅಲ್ಲ ಬಾಯವ್ವ, ಮಷಿನ್."

"ಮಷಿನ್ನಿಗೆ ಬುದ್ಧಿ ಇಲ್ಲ, ಖರೆ. ಬಿಟ್ಟಾಕಿಗಿ? ಹಸಿ ನೆಲಕ್ಕ ನಾವು ಕಸಬರಿಗಿ ಸೈತ ಹಚ್ಚಂಗಿಲ್ಲ. ಮೂರು ದಿನ ಬರೇ ಅರಿಬೀಲೆ ಜಾಡಸ್ತೇವಿ. ಆಮ್ಯಾಲೆ ಅದು ಗಟ್ಟಿ ಹಿಡೀತೈತಿ. ನೀ ಮರುದಿನಾನ ಗಾಲಿ ಹಚ್ಚಿದಿ."

ಹಿನಾ ಬೆರಳೆಣಿಸಿದಳು. "ಮರುದಿನ ಹೆಂಗಾಕೈತಿ? ನೀ ಸಾರಸೂದು ಸಂತಿ ದಿನ. ಅವತ್ತಿಗೆ ಐದು ದಿನ ಆಗಿರಬೇಕು."

"ಅಲ್ಲವಾ, ಮನಿಗೆ ಹೊಸಾದೊಂದು ಬರತೈತಿ ಅಂತ ಅಕ್ಕೋರು ಹೇಳಿದ್ರು. ಬರಾವರು ಮನಶಾರಿರಲಿ, ಮಷಿನ್ ಇರಲಿ, ಹಳೇ ನೆಲದ ಮ್ಯಾಲೆ ಹೆಂಗ ಇಳಸೂದು? ಅದಕ್ಕಂತ ಬಸ್ ಹಿಡದು ಬಂದು, ಅದು ಅಡಿಗಿಮನಿಗೆ ಇಳಿಯೂ ಹಿಂದಿನ ದಿನ ಸಂಜಿಮುಂದ ಸಾರಿಸಿ, ಸುಣ್ಣದ ಗೆರಿ ಎಳದು ಹೋದ್ನಿ. ಅಕ್ಕೋರಿಗೂ ಹೇಳಿಲ್ಲ. ಅವರು ಗುಡಿಗೆ ಹೋಗಿದ್ರು. ಮರ್ಯಾದಿ ಮಾಡಬೇಕು ಅಂತ ಮಾಡಿದ್ನೆವ್ವಾ."

ಹೊಸತನ್ನು ಬರಮಾಡಿಕೊಳ್ಳುವ ಮರ್ಯಾದೆಯೇ ಹೊಸತರ ಕಾಲಿಗೆ ಅಡ್ಡ ಬಂದಿತ್ತು. ಹಿನಾ ನೋಟುಪುಸ್ತಕವನ್ನು ತೆರೆದಳು. ಉಸುಕು ಎಷ್ಟು, ಹೊಟ್ಟು ಎಷ್ಟು, ನಿಮಿಷ ಎಷ್ಟು ಎಂದು ಹತ್ತು ಕಾಲಮುಗಳಿದ್ದವು. ಸಾರಿಸಿ ಎಷ್ಟು ದಿನವಾಯಿತು ಎಂಬ ಹನ್ನೊಂದನೆಯದು ಇರಲಿಲ್ಲ. ಅವಳಿಗೆ ನಾಚಿಕೆಯೂ ನಗುವೂ ಒಟ್ಟಿಗೇ ಬಂದವು.

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಲೀಲಾಬಾಯಿ ಮೆಲ್ಲಗೆ ಅಂದರು: "ಎಂಟನೇ ಇಯತ್ತೆಯೊಳಗ ಏನ ಹೇಳಿದ್ದೆ ನಿನಗ?"

"ಒಂದನ್ನ ಬದಲಸು, ಉಳದದ್ದನ್ನ ಹಂಗ ಇಡು, ಅಂತ್ರಿ."

"ನೀ ಮಷಿನ್ ಬದಲಿಸಿದಿ. ಇಕಿ ನೆಲ ಬದಲಿಸಿದಳು." ಅವರು ಬಾಯವ್ವನ ಕಡೆಗೆ ತಿರುಗಿದರು. "ಇಬ್ಬರಿಗೂ ಸೊನ್ನಿ. ನೆಲದ ಹೊಳಪು ನೋಡಿಯೂ ಕೇಳಲಾರದ ನನಗೂ."

"ನನಗ ಸೊನ್ನಿ ಬ್ಯಾಡ್ರಿ, ಇನ್ನೊಂದ ಬಟ್ಟಲ ಚಾ ಕೊಡ್ರಿ," ಎಂದಳು ಬಾಯವ್ವ. ಕೆರೆದ ಜಾಗಕ್ಕೆ ಅವಳು ಆಗಲೇ ತೆಳ್ಳಗೆ ಕೈ ಆಡಿಸಿದ್ದಳು. ಆ ಪಟ್ಟಿಗಳನ್ನು ಬಿಟ್ಟು ಉಳಿದ ನೆಲವನ್ನು ಅಂದು ಮುಟ್ಟಬಾರದೆಂದು ಮೂವರೂ ಒಪ್ಪಿಕೊಂಡರು.

ಏಳನೆಯ ದಿನ ಬೆಳಿಗ್ಗೆ, ತೇಪೆ ಹಾಕಿದ ಪಟ್ಟಿಗಳೂ ಗಟ್ಟಿಯಾದ ಮೇಲೆ, ಪರೀಕ್ಷೆ ಮತ್ತೊಮ್ಮೆ ನಡೆಯಿತು. ಅದನ್ನು ನೋಡಲೆಂದೇ ರಸೂಲಸಾಬರು ಅಂಗಡಿಯನ್ನು ಅರ್ಧ ತಾಸು ತಡವಾಗಿ ತೆರೆಯುವುದಾಗಿ ನಿಶ್ಚಯಿಸಿ ಬಂದಿದ್ದರು. ಬಾಯವ್ವನೂ ಸಂತೆಯಿಲ್ಲದ ದಿನ ಬಸ್ಸು ಹತ್ತಿದ್ದಳು. ಹಂಚು ಐವತ್ತಕ್ಕೆ ಐವತ್ತೆಂಟು ತಂದಿತು. ಅದರ ಬಿರುಸು ಬ್ರಶ್ಶು ಗಟ್ಟಿ ನೆಲವನ್ನೂ ಬಿಡಲಿಲ್ಲ. ರೊಟ್ಟಿ ಈ ಸಲ ಒಲೆಯ ಮುಂದೆ ಸುತ್ತಲಿಲ್ಲ. ಒಂದೇ ಸಮನೆ ಕೋಣೆಯನ್ನೆಲ್ಲ ನಡೆದು ಬಂತು. ತಕ್ಕಡಿ ನಲವತ್ತೆಂಟು ತೋರಿಸಿತು. ನೆಲದಲ್ಲಿ ಒಂದು ಗೀರೂ ಇರಲಿಲ್ಲ. ಬಾಯವ್ವ ಮಂಡಿಯೂರಿ, ಅಂಗೈಯಿಂದ ಸವರಿ ನೋಡಿ, ತೀರ್ಪು ಕೊಟ್ಟಳು: "ಕೈ ಹಗರೈತಿ ಇದರದು."

"ಆದ್ರ ಪಡಸಾಲ್ಯಾಗ ಇದು ಸಿಕ್ಕೋತದಲ್ಲ," ಎಂದರು ಕೃಷ್ಣಾಜಿ. ಅವರ ದನಿಯಲ್ಲಿ ತಕರಾರಿಗಿಂತ ಆಸೆಯೇ ಹೆಚ್ಚಾಗಿತ್ತು. ಯಾರಾದರೂ ಇದಕ್ಕೊಂದು ಉತ್ತರ ಹೇಳಲಿ ಎಂಬಂತಿತ್ತು.

ಹಿನಾ ಅದನ್ನು ಹಿಂದಿನ ದಿನವೇ ಯೋಚಿಸಿದ್ದಳು. "ಕಾಕಾ, ಅಡಿಗಿಮನಿ ನೆಲಾ ತಿದ್ದಾಕ ಬರಂಗಿಲ್ಲ. ಪಡಸಾಲಿ ತಿದ್ದಬಹುದು. ಕಲ್ಲು ಚಲೋ ಅದಾವ, ಸಂದು ಅಷ್ಟ ತೆರಕೊಂಡಾವ. ಹೆಂಗೂ ನಾಳೆ ಗೌಂಡಿ ಬರಾಂವ ಅದಾನ. ಸಂದು ತುಂಬಿ ಮಟ್ಟ ಮಾಡಿದ್ರ ರೊಟ್ಟಿ ಓಡತೈತಿ."

ಮಟ್ಟ ಎಂಬ ಮಾತು ಕಿವಿಗೆ ಬಿದ್ದೊಡನೆ ಕೃಷ್ಣಾಜಿಯವರ ಕೈ ತಾನಾಗಿ ಜೇಬಿಗೆ ಹೋಯಿತು. ಅಳತೆಪಟ್ಟಿ ಹೊರಬಂತು. ಪಡಸಾಲೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಒಂದೊಂದೇ ಸಂದು ಅಳೆಯತೊಡಗಿದವರು ಊಟಕ್ಕೆ ಕರೆದಾಗಲೂ ಏಳಲಿಲ್ಲ.

ಎಂಟನೆಯ ದಿನ ಭರಮಪ್ಪ ಟೈಲ್ಸುಗಳನ್ನು ಹೇರಿಕೊಂಡು ಬಂದ. ಅಡುಗೆಮನೆಯ ಹೊಸ್ತಿಲಲ್ಲಿ ಬಾಯವ್ವ ಕಾಲು ನೀಡಿ ಕುಳಿತಿದ್ದಳು.

"ಸರೀಯವ್ವ, ನೆಲಾ ಅಗೀಬೇಕು."

"ಅಗದೀ ಜ್ವಾಕಿ. ಮೊದಲ ನನ್ನ ಅಗಿ."

ಭರಮಪ್ಪ ಯಜಮಾನರತ್ತ ನೋಡಿದ. ಕೃಷ್ಣಾಜಿ ಗಂಟಲು ಸರಿಪಡಿಸಿಕೊಂಡರು. "ಪ್ಲಾನ್ ಬದಲಾಗೇದ. ಪಡಸಾಲಿ ಸಂದು ತುಂಬಬೇಕು. ಎಲ್ಲಾ ಅಳದು ಬರದಿಟ್ಟೇನಿ."

"ಮತ್ತ ಈ ಟೈಲ್ಸ್ ಏನ ಮಾಡ್ಲಿರಿ?"

"ಬಚ್ಚಲಕ್ಕ ಹಾಕು. ಅಲ್ಲಿ ನಮ್ಮ ಮನ್ಯಾಗ ಯಾರದೂ ಮೋಹ ಇಲ್ಲ."

ಹಂಚು ಅದೇ ಸಂಜೆ ಹುಬ್ಬಳ್ಳಿಯ ದಾರಿ ಹಿಡಿಯಿತು. ಸಂದುಗಳಲ್ಲಿ ತುಂಬಿದ ಸಿಮೆಂಟು ಒಣಗಲು ಐದು ದಿನ ಬಿಟ್ಟು, ಹಿನಾ ಮತ್ತೆ ಬಂದು ಐವತ್ತು ಗ್ರಾಂ ಹರಡಿದಳು. ಪಡಸಾಲೆಯಲ್ಲಿ ರೊಟ್ಟಿ ನಲವತ್ತೆಂಟು ತಂದಿತು. ಒಮ್ಮೆಯೂ ಕುಂಯ್ ಎನ್ನಲಿಲ್ಲ. ಆದರೆ ಅಡುಗೆಮನೆಯ ಹೊಸ್ತಿಲಿಗೆ ಬಂದು ಮೂಗು ತಾಗಿಸಿ ನಿಂತಿತು. ಅಕ್ಕೋರು ಬಗ್ಗುವಂತಿಲ್ಲ. ಹೊಸ್ತಿಲನ್ನು ಕೆತ್ತುವ ಮಾತನ್ನು ಆಡುವ ಧೈರ್ಯ ಯಾರಿಗೂ ಇಲ್ಲ.

"ಇದಕ್ಕ ಒಬ್ಬರು ಹೊತ್ತು ದಾಟಸಾವರು ಬೇಕು," ಎಂದರು ಲೀಲಾಬಾಯಿ, ಗಂಡನ ಕಡೆಗೇ ನೋಡುತ್ತ. "ದಿನಾ ಎರಡು ಸಲ. ಒಳಗ ಒಮ್ಮೆ, ಹೊರಗ ಒಮ್ಮೆ."

ಮೂವತ್ತೈದು ವರ್ಷದ ಸಂಸಾರದಲ್ಲಿ ಕಸಬರಿಗೆಯನ್ನು ಮುಟ್ಟದ ಕೃಷ್ಣಾಜಿ ಪತ್ರಿಕೆ ಕೆಳಗಿಟ್ಟು ಎದ್ದರು. ರೊಟ್ಟಿಯನ್ನು ಎರಡೂ ಕೈಯಿಂದ ಎತ್ತಿಕೊಂಡು ಹೊಸ್ತಿಲ ಮುಂದೆ ನಿಂತರು.

"ಬಲಗಾಲು ಮುಂದ ಇಡಸ್ರಿ," ಎಂದಳು ಒಳಗಿನಿಂದ ಬಾಯವ್ವ.

ಕಾಕಾ ಯಂತ್ರವನ್ನು ಮಗುಚಿ ನೋಡಿ, ಹಿನಾಳತ್ತ ತಿರುಗಿದರು. "ಬಲಗಾಲು ಯಾವುದವಾ ಇದರದು?"

ಹಿನಾ ಬೆರಳು ತೋರಿಸಿದಳು. ಆ ಗಾಲಿ ಮೊದಲು ನೆಲ ಮುಟ್ಟುವಂತೆ ಅವರು ಬಹು ಎಚ್ಚರದಿಂದ ಇಳಿಸಿದರು.

ರೊಟ್ಟಿ ಅಡುಗೆಮನೆಯ ತುಂಬ ಮೆಲ್ಲಗೆ ಹೊರಟಿತು. ಅಕ್ಕೋರು ಎತ್ತರದ ಕುರ್ಚಿಯಲ್ಲಿ, ಬಾಯವ್ವ ಬೆಚ್ಚನೆಯ ನೆಲದ ಮೇಲೆ, ನಡುವೆ ಎರಡು ಬಟ್ಟಲು ಚಹಾ. ದೊಡವಾಡದ ಎಮ್ಮೆಯ ಕರುವಿನ ವೃತ್ತಾಂತ ಅರ್ಧಕ್ಕೆ ಬಂದಾಗ ಯಂತ್ರ ಬಾಯವ್ವನ ಪಾದಕ್ಕೆ ತಾಗಿ, ತಡೆದು, ಹಿಂದೆ ಸರಿದು ಬೇರೆ ಕಡೆಗೆ ಹೊರಳಿತು.

"ನೋಡ್ರಿ," ಎಂದಳು ಬಾಯವ್ವ, ಕಾಲು ಎಳೆದುಕೊಳ್ಳದೆಯೇ. "ಹಿರ್‍ಯಾರಂದ್ರ ತಿಳೀತೈತಿ ಇದಕ್ಕ. ಕಾಲು ಮುಟ್ಟಿ ಹೋತು."

ಹಿನಾ ಪಡಸಾಲೆಯ ಹೊಸ ಮಟ್ಟದ ಮೇಲೆ ಕುಳಿತು, ನೋಟುಪುಸ್ತಕದ ಹನ್ನೊಂದನೆಯ ಕಾಲಮಿಗೆ ಗೆರೆ ಎಳೆದು, ಅದರ ಕೆಳಗೆ ಬರೆದಳು: ಸಾರಿಸಿ ಮೂರು ದಿನವಾದ ಮೇಲೆ ಮಾತ್ರ. ಬಾಯವ್ವನನ್ನು ಕೇಳತಕ್ಕದ್ದು.